ಸೋಮವಾರ ನಾಲ್ಕೂಕಾಲರ ಟಪಾಲು

"ನಾಯಿಗಳ ಮೇಲೆ ದೂರು? ನಾನಾ?"

ದೂರು ಮೇಷ್ಟ್ರು ಕಪ್ಪು ಕನ್ನಡಕವನ್ನು ಹಣೆಗೆ ಏರಿಸಿ, ಜೆರಾಕ್ಸ್ ಹಾಳೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. ಅವರ ಕುರ್ಚಿಯ ಕೆಳಗೆ ಮಲಗಿದ್ದ ಕಂದು ನಾಯಿ ಒಂದು ಕಿವಿ ಎತ್ತಿ, ತನಗೆ ಸಂಬಂಧಪಟ್ಟದ್ದಲ್ಲ ಎಂದುಕೊಂಡು ಮತ್ತೆ ಮಲಗಿತು. ಹೊಸ್ತಿಲಾಚೆ ಇನ್ನೂ ಎರಡು ಇದ್ದವು.

"ಕೊನೇ ತನಕ ಓದಿ ಮೇಷ್ಟ್ರೇ," ಎಂದ ನೋಟಿಸಣ್ಣ.

"ಓದ್ತಾ ಇದ್ದೀನಪ್ಪ, ಹೊಸ ಕಣ್ಣು, ಇನ್ನೂ ಪಳಗಿಲ್ಲ. 'ನಂಬರ್ ೧೧೮೭. ಸೋಮವಾರ, ನಾಲ್ಕೂಕಾಲು ಗಂಟೆ. ನಿವೃತ್ತ ಡ್ರಾಯಿಂಗ್ ಮೇಷ್ಟ್ರಿಂದ. ವಿಷಯ, ಬೀದಿನಾಯಿಗಳ ಕಾಟದ ಬಗ್ಗೆ.' ಅಷ್ಟೇನಾ? ಯಾವ ಬೀದಿ, ಎಷ್ಟು ನಾಯಿ, ಯಾವ ಹೊತ್ತು, ಒಂದೂ ಇಲ್ಲ. ಇಷ್ಟು ಕಳಪೆ ದೂರನ್ನ ನಾನು ಜನ್ಮದಲ್ಲಿ ಬರೆದಿಲ್ಲ."

"ಅಣ್ಣ, ಕನ್ನಡಕ ಇಳಿಸು. ಡಾಕ್ಟ್ರು ಹೇಳಿದ್ದು ಮರೆತುಹೋಯ್ತಾ?" ಒಳಗಿನಿಂದ ಅವರ ತಂಗಿ ಗದರಿದರು. ಮೇಷ್ಟ್ರು ತೆಪ್ಪಗೆ ಕನ್ನಡಕ ಇಳಿಸಿದರು.

ನೋಟಿಸಣ್ಣ ಎದುರಿಗೆ ಕೂತಿದ್ದ. ಮೂವತ್ತೆರಡು ವರ್ಷ ಕೋರ್ಟಿನ ಅಮೀನನಾಗಿ ಊರಿನ ಮನೆಮನೆಗೆ ನೋಟಿಸು ಮುಟ್ಟಿಸಿ, ಬಾಗಿಲು ತೆರೆಯದವರ ಬಾಗಿಲಿಗೇ ಅಂಟಿಸಿ ಬಂದು ಆ ಹೆಸರು ಗಳಿಸಿದ ಆಸಾಮಿ. ನಿವೃತ್ತಿಯಾದ ಮೇಲೆ, ಈಗ ಸಾಲುಮನೆಯವರ ಕೇಸು ಹಿಡಿದಿರುವ ವಕೀಲಮ್ಮನಿಗೆ ಅದೂ ಇದೂ ಪತ್ತೆ ಮಾಡಿಕೊಡುತ್ತಿದ್ದ. ಇಂಥ ಸುದ್ದಿಗಾಗಿಯೇ ಎರಡು ದಿನ ಚಪ್ಪಲಿ ಸವೆಸಿದ್ದ.

ಮರೆತವರಿಗೆ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ: ಸಾಲುಮನೆಗಳನ್ನು ಕೆಡವಕೂಡದೆಂದು ಕೋರ್ಟು ಸೋಮವಾರ ಮಧ್ಯಾಹ್ನ ತಡೆಯಾಜ್ಞೆ ಕೊಟ್ಟಿತ್ತು, ನಗರಸಭೆಯವರು ಮಂಗಳವಾರ ಬೆಳಿಗ್ಗೆ ಮೂವತ್ತೊಂದು ಮನೆಗಳನ್ನೂ ನೆಲಸಮ ಮಾಡಿದರು, ಈಗ ನ್ಯಾಯಾಂಗ ನಿಂದನೆಯ ಕೇಸಿನಲ್ಲಿ ಕೈಕಟ್ಟಿ ನಿಂತು, 'ಆದೇಶ ನಮ್ಮ ಕೈಗೆ ಬಂದದ್ದೇ ಮಂಗಳವಾರ ಹನ್ನೊಂದು ನಲವತ್ತಕ್ಕೆ, ಅಷ್ಟರಲ್ಲಿ ಕೆಲಸ ಮುಗಿದುಹೋಗಿತ್ತು' ಎನ್ನುತ್ತಿದ್ದಾರೆ.

ಆ ಆದೇಶವನ್ನು ಕೋರ್ಟಿನಿಂದ ಒಯ್ದವನು ಈಗಿನ ಅಮೀನ, ನೋಟಿಸಣ್ಣನ ಸ್ವಂತ ಅಳಿಯ. ಸೋಮವಾರ ನಾಲ್ಕೂಕಾಲಿಗೇ ನಗರಸಭೆಯ ಟಪಾಲು ಟೇಬಲ್ಲಿಗೆ ಕೊಟ್ಟೆ, ಸೀಲು ಒತ್ತಿಸಿಕೊಂಡ ಪ್ರತಿ ಬ್ಯಾಗಿನಿಂದ ಎಲ್ಲೋ ಕಳೆದುಹೋಯಿತು ಎಂದು ಅವನು ಹೇಳುತ್ತಾನೆ. ರಾತ್ರಿಯಿಡೀ ಮನೆಯಲ್ಲಿಟ್ಟುಕೊಂಡು ಮಲಗಿದ್ದ ಎಂದು ಅಧಿಕಾರಿಗಳು ಅವನ ತಲೆಗೆ ಕಟ್ಟಿದ್ದಾರೆ. ಅವನನ್ನು ಸಸ್ಪೆಂಡ್ ಮಾಡಿ ಹತ್ತು ದಿನ ಆಯಿತು. ನಾಳೆ ಶುಕ್ರವಾರ ಹತ್ತೂವರೆಗೆ ವಿಚಾರಣೆ. ಆದೇಶ ಸೋಮವಾರವೇ ಬಂದಿತ್ತು ಎಂದು ತೋರಿಸಿದರೆ ಕೆಡವಿದ ಜಾಗದಲ್ಲೇ ಮನೆ ಕಟ್ಟಿಸಿಕೊಡುವ ಮಾತು ಏಳುತ್ತದೆ, ಅಳಿಯ ಗೆದ್ದು ಬರುತ್ತಾನೆ. ತೋರಿಸದಿದ್ದರೆ ಮನೆಗಳೂ ಹೋದವು, ಅಳಿಯನ ಕೆಲಸವೂ ಹೋಯಿತು.

ನೋಟಿಸಣ್ಣನ ಕೈಯಲ್ಲಿದ್ದದ್ದು ನಗರಸಭೆಯೇ ಕೋರ್ಟಿಗೆ ಕೊಟ್ಟ ಟಪಾಲು ಪುಸ್ತಕದ ನಕಲು. ಸೋಮವಾರ ಬಂದ ಕಾಗದ ಒಟ್ಟು ಹದಿನಾಲ್ಕು. ನಂಬರು ಎಲ್ಲೂ ತಪ್ಪಿಲ್ಲ; ಆದೇಶದ ಸಾಲನ್ನು ತೆಗೆದಿದ್ದರೆ ಅದರ ಜಾಗದಲ್ಲಿ ಒಂದು ಸುಳ್ಳು ಕಾಗದ ತುಂಬಿರಲೇಬೇಕು. ಒಂದೊಂದು ಕಾಗದ ಕೊಟ್ಟವರ ಮನೆಯನ್ನೂ ಹುಡುಕಿಕೊಂಡು ಹೋಗಿ, 'ನೀವು ಅವತ್ತು ಕೊಟ್ಟಿದ್ದು ನಿಜವೇ' ಎಂದು ಕೇಳಿದ್ದ. ನಲ್ಲಿ ಬೇಕೆಂದವಳು, ಲೈಸೆನ್ಸು ಕೇಳಿದವನು, ಚರಂಡಿ ಕಟ್ಟಿದ್ದಕ್ಕೆ ಬಿಲ್ಲು ಹಾಕಿದ ಕಂಟ್ರಾಕ್ಟರು, ಎಲ್ಲರೂ ಹೌದೆಂದರು. ಹದಿಮೂರೂ ಸಾಚಾ. ಉಳಿದದ್ದು ಇದೊಂದು.

"ಮೇಷ್ಟ್ರೇ, ಅವತ್ತು ನಾಲ್ಕೂಕಾಲಿಗೆ ನೀವು ಎಲ್ಲಿದ್ರಿ?"

"ಆಸ್ಪತ್ರೆ ಮಂಚದ ಮೇಲೆ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು. ಸೋಮವಾರ ಬೆಳಿಗ್ಗೆ ಆಪರೇಷನ್ನು, ಬುಧವಾರ ಮನೆಗೆ. ಚೀಟಿ ಇದೆ, ಬೇಕಾ?"

ಮೇಷ್ಟ್ರ ಮನೆಯಲ್ಲಿ ಚೀಟಿ ಇಲ್ಲದ ವಿಷಯವೇ ಇರಲಿಲ್ಲ. ಏಳು ವರ್ಷದಿಂದ ಪ್ರತಿ ಸೋಮವಾರ, ಸರಿಯಾಗಿ ನಾಲ್ಕೂಕಾಲಿಗೆ, ನಗರಸಭೆಗೆ ಒಂದೊಂದು ದೂರು ಕೊಟ್ಟವರು. ಉರಿಯದ ದೀಪ, ಕುಸಿದ ಮೆಟ್ಟಿಲು, ತಪ್ಪು ಬರೆದ ಬೀದಿ ಫಲಕ. ಎಲ್ಲದರ ಪ್ರತಿಯೂ ಟ್ರಂಕಿನಲ್ಲಿ ವರ್ಷವಾರು ಕಟ್ಟಿಟ್ಟಿತ್ತು. ನೋಟಿಸಣ್ಣ ಕಟ್ಟು ಬಿಚ್ಚಿ ನೋಡಿದ. ಮುನ್ನೂರಕ್ಕೂ ಮೇಲ್ಪಟ್ಟ ದೂರುಗಳಲ್ಲಿ ನಾಯಿಯ ಸುದ್ದಿ ಎಲ್ಲೂ ಇಲ್ಲ.

"ಇವಕ್ಕೆ ಅನ್ನ ಹಾಕೋನೇ ನಾನು. ಇವುಗಳ ಮೇಲೆ ನಾನೇ ದೂರು ಬರೀತೀನಾ?" ಮೇಷ್ಟ್ರಿಗೆ ನಿಜಕ್ಕೂ ನೋವಾಗಿತ್ತು. "ನನ್ನ ಹೆಸರಲ್ಲಿ ಸುಳ್ಳು ದೂರು ದಾಖಲಾದ ಬಗ್ಗೆ ಬರೋ ಸೋಮವಾರ ದೂರು ಕೊಡ್ತೀನಿ."

"ಸೋಮವಾರ ಬೇಡ. ನಾಳೆ ಕೋರ್ಟಲ್ಲೇ ಹೇಳ್ತೀರಾ?"

ಮೇಷ್ಟ್ರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಏಳು ವರ್ಷದಲ್ಲಿ ಅವರನ್ನು ಮಾತಾಡಿ ಎಂದು ಕೇಳಿದ ಮೊದಲ ಮನುಷ್ಯ ಇವನು.

"ಎಷ್ಟು ಹೊತ್ತಿಗೆ ಬರಬೇಕು?" ಎಂದರು.

ಬೀದಿಗೆ ಇಳಿದಾಗ ನಾಲ್ಕು ಗಂಟೆ. ಆಕಾಶ ಮೂರು ದಿನದಿಂದ ಮಂಕಾಗಿಯೇ ಇತ್ತು, ಸುರಿಯುವುದೂ ಇಲ್ಲ, ಬಿಡುವುದೂ ಇಲ್ಲ. ನೋಟಿಸಣ್ಣನ ತಲೆಯಲ್ಲಿ ಲೆಕ್ಕ ನಡೆದಿತ್ತು. ೧೧೮೭ ಸುಳ್ಳು. ಸರಿ. ಆದರೆ ಆ ಸಾಲಿನಲ್ಲಿ ಮೊದಲು ಏನಿತ್ತು? ಅದನ್ನು ಹೇಳಬಲ್ಲವಳು ಒಬ್ಬಳೇ, ಪುಸ್ತಕ ಬರೆದವಳು. ನಗರಸಭೆಯ ಟಪಾಲಮ್ಮ.

ನಗರಸಭೆಗೆ ಹತ್ತಿರದ ದಾರಿ ಸಾಲುಮನೆಗಳ ಮೇಲಿಂದಲೇ. ಇಷ್ಟು ದಿನ ಸುತ್ತು ಹಾಕಿ ಹೋಗುತ್ತಿದ್ದ. ಇವತ್ತು ಹೊತ್ತಿರಲಿಲ್ಲ.

ಗಿರಣಿ ಕೆಲಸಗಾರರಿಗೆಂದು ಕಟ್ಟಿದ್ದ ಮನೆಗಳು. ಈಗ ಮೊಣಕಾಲೆತ್ತರದ ಇಟ್ಟಿಗೆ ರಾಶಿ. ಒಂದು ಕಡೆ ಅಡುಗೆಮನೆಯ ಅರ್ಧ ಗೋಡೆ ನಿಂತಿತ್ತು, ಅದರ ಶೆಲ್ಫಿನಲ್ಲಿ ಡಬ್ಬಿಗಳಿಗೆ ಹಾಸಿದ್ದ ಪೇಪರು ಹಾಗೇ ಇತ್ತು. ಬಾಗಿಲ ಚೌಕಟ್ಟುಗಳನ್ನು ಜನರೇ ಹೊರತೆಗೆದು, ಸೀಮೆಸುಣ್ಣದಲ್ಲಿ ಮನೆ ನಂಬರು ಬರೆದು, ಒಂದಕ್ಕೊಂದು ಒರಗಿಸಿ ಇಟ್ಟಿದ್ದರು. ಯಾವತ್ತೋ ಬೇಕಾಗಬಹುದು ಎಂಬ ಆಸೆ.

ಹದಿನೇಳನೇ ನಂಬರಿನ ದರ್ಜಿ ನೀಲಿ ಟಾರ್ಪಾಲಿನ ಕೆಳಗೆ ಮಿಷಿನ್ ಹಾಕಿಕೊಂಡು ಯಾರದೋ ಪ್ಯಾಂಟಿನ ತುದಿ ಹೊಲಿಯುತ್ತಿದ್ದ. ಇವನನ್ನು ಕಂಡು ಕಾಲು ನಿಲ್ಲಿಸಿದ. ಅವನ ಹೆಂಡತಿ ಮಾತ್ರ ಬಾಯಿ ನಿಲ್ಲಿಸುವವಳಲ್ಲ.

"ಬನ್ನಿ ನೋಟಿಸಣ್ಣ. ಯಾವ ಬಾಗಿಲಿಗೆ ಅಂಟಿಸೋಕೆ ಬಂದ್ರಿ? ಒಂದೂ ಉಳಿದಿಲ್ಲ."

"ನಿಮ್ಮ ಕೆಲಸಕ್ಕೇ ಓಡಾಡ್ತಾ ಇದ್ದೀನಮ್ಮ."

"ನಮ್ಮ ಕೆಲಸಕ್ಕೋ, ಅಳಿಯನ ಕೆಲಸಕ್ಕೋ? ಅವನು ಅವತ್ತೇ ಕೊಟ್ಟಿದ್ರೆ ನಾವ್ಯಾಕೆ ಹೀಗೆ ಬೀದಿಗೆ ಬೀಳ್ತಿದ್ವಿ? ಹದಿನಾರು ದಿನ ಆಯ್ತು. ನಮ್ಮತ್ತೆಗೆ ಉಸಿರಾಟದ ತೊಂದರೆ, ಗೋಡೌನಲ್ಲಿ ಧೂಳು ಕುಡಿದುಕೊಂಡು ಮಲಗಿದ್ದಾರೆ."

"ಸುಮ್ಮನಿರೇ," ಎಂದ ದರ್ಜಿ.

"ಅವನು ಅವತ್ತೇ ಕೊಟ್ಟಿದ್ದಾನೆ," ಎಂದ ನೋಟಿಸಣ್ಣ. ದನಿ ಸ್ವಲ್ಪ ಏರಿತು. "ನಾಳೆ ಎಲ್ಲರ ಎದುರಿಗೇ ತೋರಿಸ್ತೀನಿ. ನಿಮ್ಮತ್ತೆಗೂ ಹೇಳಿ."

ಹೆಂಗಸು ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. ನಂಬಿದಳೋ ಬಿಟ್ಟಳೋ, ಕುಡಿಯಲು ನೀರು ಕೊಟ್ಟಳು. ನೋಟಿಸಣ್ಣ ಎರಡು ಗುಟುಕು ಕುಡಿದು ಹೊರಟುಬಿಟ್ಟ. ಮಗಳು ಮದುವೆಯಾಗಿ ಒಂಬತ್ತು ವರ್ಷ. ಅಳಿಯನನ್ನು ಕೆಲಸಕ್ಕೆ ಸೇರಿಸಿದವನೂ ತಾನೇ, ಬೀದಿ ಬೀದಿ ಸುತ್ತಿಸಿ ಕೆಲಸ ಕಲಿಸಿದವನೂ ತಾನೇ. ಅಂಥ ಹುಡುಗನನ್ನು ಕಂಡಕಂಡವರು ಆಡಿಕೊಳ್ಳುವುದನ್ನು ಅವನಿಂದ ಸಹಿಸಲಾಗುತ್ತಿರಲಿಲ್ಲ.

ಟಪಾಲು ಕೋಣೆ ನಗರಸಭೆಯ ಕೆಳಮಹಡಿಯ ಮೂಲೆಯಲ್ಲಿತ್ತು. ಕಿಟಕಿ, ಕಿಟಕಿಯ ಹಿಂದೆ ಟೇಬಲ್ಲು, ಟೇಬಲ್ಲಿನ ಮೇಲೆ ಸೀಲು, ಇಂಕ್ ಪ್ಯಾಡು, ಅಂಟಿನ ಡಬ್ಬಿ, ದಾರದ ಉಂಡೆ. ಹಗಲಲ್ಲೂ ಟ್ಯೂಬ್‌ಲೈಟು ಉರಿಯಬೇಕಾದ ಕೋಣೆ. ಟಪಾಲಮ್ಮ ಅಲ್ಲಿ ಇಪ್ಪತ್ತಾರು ವರ್ಷ ಕೂತಿದ್ದಳು. ಕಮಿಷನರರ ಹೆಂಡತಿಯೇ ಬಂದರೂ ಸಹಿ ಇಲ್ಲದೆ ಆ ಟೇಬಲ್ಲಿನಿಂದ ಒಂದು ಹಾಳೆ ಅಲ್ಲಾಡಲಿಕ್ಕಿಲ್ಲ ಎಂದು ಆಫೀಸಿನಲ್ಲಿ ತಮಾಷೆ ಮಾಡುತ್ತಿದ್ದರು. ತಮಾಷೆ ಅಂದರೂ ಸುಳ್ಳಲ್ಲ.

ನೋಟಿಸಣ್ಣ ಹೋದಾಗ ಐದಕ್ಕೆ ಐದು ನಿಮಿಷ. ಆಕೆ ಸೀಲನ್ನು ಬಟ್ಟೆಯಿಂದ ಒರೆಸುತ್ತಿದ್ದಳು.

"ಮುಗೀತು ಅಣ್ಣ, ನಾಳೆ ಬನ್ನಿ," ಎಂದಳು ತಲೆಯೆತ್ತದೆ. ಈಚೆಗೆ ಅವನನ್ನು ಕಂಡರೆ ಆಕೆ ತಲೆಯೆತ್ತುತ್ತಿರಲಿಲ್ಲ.

"ನಂದೇನಿಲ್ಲ. ದೂರು ಮೇಷ್ಟ್ರ ಮನೆಯಿಂದ ಬರ್ತಾ ಇದ್ದೀನಿ. ನಿಮ್ಮನ್ನ ಕೇಳಿದ್ರು."

ಆಕೆಯ ಮುಖ ಸಡಿಲವಾಯಿತು. "ಹೇಗಿದಾರೆ ಪಾಪ? ಮೂರು ಸೋಮವಾರ ಆಯ್ತು ಅವರು ಬಾರದೆ. ಬೈಸಿಕೊಳ್ಳದೆ ನನಗೂ ಬೇಜಾರು. ಕಣ್ಣು ಕಾಣ್ಸುತ್ತಂತಾ?"

"ಕಾಣ್ಸುತ್ತೆ. ಮೂರು ಸೋಮವಾರ ಅಂದ್ರಲ್ಲ, ಸರಿಯಾಗಿ ಎಣಿಸಿದ್ರಾ?"

"ಎಣಿಸೋದೇನು ಬಂತು, ಮೂರು ಅಂದ್ರೆ ಮೂರೇ."

"ಮೊನ್ನೆ ಒಂದು. ಅದರ ಹಿಂದಿನ ವಾರದ್ದು ಎರಡು." ನೋಟಿಸಣ್ಣ ನಕಲು ಹಾಳೆಯನ್ನು ಕಿಟಕಿಯ ಕಟ್ಟೆಯ ಮೇಲೆ ಬಿಡಿಸಿಟ್ಟ. "ಮೂರನೇದು ಮನೆ ಕೆಡವಿದ ಹಿಂದಿನ ದಿನ. ಅವತ್ತು ಮೇಷ್ಟ್ರು ಬಂದಿಲ್ಲ ಅಂತ ನೀವೇ ಹೇಳ್ತೀರಿ, ಬಂದ್ರು ಅಂತ ನಿಮ್ಮ ಪುಸ್ತಕ ಹೇಳುತ್ತೆ."

ಟಪಾಲಮ್ಮ ನಾಲಿಗೆ ಕಚ್ಚಿಕೊಂಡಳು. ಸೀಲು ಕೈಯಿಂದ ಜಾರಿ ಟೇಬಲ್ಲಿನ ಮೇಲೆ ಉರುಳಿತು. ಅದನ್ನು ಹಿಡಿಯಲೂ ಆಕೆಗೆ ತೋಚಲಿಲ್ಲ.

"ಒಳಗೆ ಬನ್ನಿ," ಎಂದಳು ಕೊನೆಗೆ. "ಕಿಟಕಿ ಹತ್ರ ಬೇಡ."

ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತ. ಆಕೆ ಬಾಗಿಲು ಹಾಕಿ, ಬಾಗಿಲಿಗೇ ಒರಗಿ ನಿಂತಳು.

"ಮಂಗಳವಾರ ಮಧ್ಯಾಹ್ನ ಎಂಜಿನಿಯರ್ ಸಾಹೇಬ್ರು ಪುಸ್ತಕ ತರಿಸಿಕೊಂಡ್ರು. ಹೊಲಿಗೆ ಬಿಚ್ಚಿಸಿದ್ರು. ಸೋಮವಾರದ ಹಾಳೆ ಹೊಸದಾಗಿ ಬರಿ, ಒಂದು ಸಾಲು ಬಿಟ್ಟು ಮಿಕ್ಕಿದ್ದೆಲ್ಲ ಹಾಗೇ ಇರಲಿ ಅಂದ್ರು. ನಂಬರ್ ಖಾಲಿ ಬಿಡೋ ಹಾಗಿಲ್ಲ, ಏನಾದ್ರೂ ತುಂಬಿಸು ಅಂದ್ರು. ನನಗೆ ಕೈ ಕಾಲು ಆಡ್ತಿರಲಿಲ್ಲ ಅಣ್ಣ. ಸೋಮವಾರ ನಾಲ್ಕೂಕಾಲು ಅಂತ ಬರೆದೆ, ಕೈ ತಾನಾಗೇ ಮೇಷ್ಟ್ರ ಹೆಸರು ಬರೆದುಬಿಡ್ತು. ಏಳು ವರ್ಷದ ಅಭ್ಯಾಸ. ನಾಯಿ ಅಂತ ಸಾಹೇಬ್ರೇ ಹೇಳಿದ್ದು. ಅವರು ಆಪರೇಷನ್ನಿಗೆ ಹೋಗಿದಾರೆ ಅಂತ ಆಮೇಲೆ ತಂಗಿ ಸಿಕ್ಕಿ ಹೇಳಿದ್ರು. ಅವತ್ತಿಂದ ನಿದ್ದೆ ಇಲ್ಲ."

"ಆ ಸಾಲಲ್ಲಿ ಮೊದಲು ಏನಿತ್ತು?"

ಆಕೆ ಬಾಗಿಲ ಚಿಲಕವನ್ನೂ ಹಾಕಿದಳು.

"ಕೋರ್ಟಿನ ಆದೇಶ ತಾನೇ?"

"ನನಗೆ ಇನ್ನು ಹದಿನಾಲ್ಕು ತಿಂಗಳಿದೆ ಅಣ್ಣ, ನಿವೃತ್ತಿಗೆ."

"ಹದಿನಾಲ್ಕು ತಿಂಗಳು ಬಿಡ್ತಾರೆ ಅಂದುಕೊಂಡ್ರಾ? ನಾಳೆ ಮೇಷ್ಟ್ರು ಕೋರ್ಟಲ್ಲಿ ನಿಂತ ಮೇಲೆ ಸಾಹೇಬ್ರು ಕೈ ತೊಳೆದುಕೊಳ್ತಾರೆ. ಪುಸ್ತಕದಲ್ಲಿರೋ ಅಕ್ಷರ ಯಾರದು? ಅವರದಾ?"

ಹೀಗೆ ಹೆದರಿಸುವುದು ನೋಟಿಸಣ್ಣನಿಗೆ ಇಷ್ಟವಿರಲಿಲ್ಲ. ಇಪ್ಪತ್ತು ವರ್ಷ ಇದೇ ಕಿಟಕಿಯಲ್ಲಿ ನಗುನಗುತ್ತಾ ಕಾಗದ ತೆಗೆದುಕೊಂಡಿದ್ದ ಹೆಂಗಸು. ಆಕೆಯ ಕಣ್ಣು ತುಂಬಿದ್ದನ್ನು ನೋಡಿ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ಬಿಡಲಿಲ್ಲ.

"ಹಳೇ ಹಾಳೆ ಏನಾಯ್ತು?"

"ಸುಟ್ಟುಹಾಕು ಅಂದ್ರು."

"ಸುಟ್ರಾ?"

ಆಕೆ ಗೋಡೆಯ ಮೊಳೆಗೆ ನೇತುಹಾಕಿದ್ದ ತನ್ನ ಬ್ಯಾಗಿನತ್ತ ಹೋದಳು. ಊಟದ ಡಬ್ಬಿ ತೆಗೆದಳು, ಕೊಡೆ ತೆಗೆದಳು, ತಳದಿಂದ ನ್ಯೂಸ್ ಪೇಪರಿನಲ್ಲಿ ಸುತ್ತಿದ ಒಂದು ಕಟ್ಟು ತೆಗೆದಳು.

"ಹದಿನಾರು ದಿನದಿಂದ ಹೊತ್ಕೊಂಡು ತಿರುಗ್ತಾ ಇದ್ದೀನಿ. ಇಪ್ಪತ್ತಾರು ವರ್ಷದಲ್ಲಿ ಒಂದು ಹಾಳೆ ಹರಿದವಳಲ್ಲ ನಾನು, ಸುಡೋಕೆ ಕೈ ಬರಲಿಲ್ಲ."

ನೋಟಿಸಣ್ಣ ಕೈ ಚಾಚಿದ. ಆಕೆ ಕೊಡಲಿಲ್ಲ.

"ಅಣ್ಣ, ಇದನ್ನ ನೀವು ನೋಡ್ಬೇಡಿ. ಬೇರೆ ಯಾರಾದ್ರೂ ಬಂದು ಕೇಳಲಿ. ವಕೀಲಮ್ಮ ಬರಲಿ. ನಿಮ್ಮ ಒಳ್ಳೇದಕ್ಕೇ ಹೇಳ್ತಾ ಇದ್ದೀನಿ."

"ನನಗೆ ಯಾವ ಸಾಹೇಬನ ಭಯಾನೂ ಇಲ್ಲಮ್ಮ. ಕೊಡಿ."

"ಭಯದ ಮಾತಲ್ಲ," ಎಂದಳು ಟಪಾಲಮ್ಮ. ಆದರೂ ಕೊಟ್ಟಳು.

ಹಾಳೆ ಟ್ಯೂಬ್‌ಲೈಟಿನ ಕೆಳಗೆ ಬಿಚ್ಚಿಕೊಂಡಿತು. ೧೧೮೫, ೧೧೮೬. ಬೆರಳು ಕೆಳಗೆ ಜಾರಿತು. ೧೧೮೭. ನ್ಯಾಯಾಲಯದಿಂದ, ಸಾಲುಮನೆಗಳ ತಡೆಯಾಜ್ಞೆ, ನಾಲ್ಕೂಕಾಲು ಗಂಟೆ. ಪಕ್ಕದಲ್ಲಿ ಹಸಿರು ಇಂಕಿನಲ್ಲಿ 'ನೋಡಿದೆ' ಎಂದು ಎಂಜಿನಿಯರನ ಸಹಿ, ಅದೇ ದಿನದ ತಾರೀಖು.

ನೋಟಿಸಣ್ಣನ ಎದೆ ಹಗುರಾಯಿತು. ಗೆದ್ದೆ ಎನಿಸಿತು. ಓದಿ, ಸಹಿ ಹಾಕಿ, ಮರುದಿನ ಬೆಳಿಗ್ಗೆ ಮನೆ ಕೆಡವಿದ್ದಾರೆ. ಇದಕ್ಕಿಂತ ದೊಡ್ಡ ನಿಂದನೆ ಯಾವುದು? ದರ್ಜಿಯ ಹೆಂಡತಿಯ ಮುಂದೆ ನಾಳೆ ತಲೆಯೆತ್ತಿ ನಿಲ್ಲಬಹುದು. ಮಗಳ ಮುಂದೆ ನಿಲ್ಲಬಹುದು.

"ಕೊನೇ ಕಾಲಮ್ಮು ನೋಡಿ," ಎಂದಳು ಟಪಾಲಮ್ಮ ಮೆಲ್ಲಗೆ.

ಕೊನೆಯ ಕಾಲಮ್ಮು ಷರಾ ಬರೆಯುವ ಜಾಗ. ಅಲ್ಲಿ ಆಕೆಯ ಗುಂಡಗಿನ ಅಕ್ಷರದಲ್ಲಿ ಹೀಗಿತ್ತು: 'ತಂದವರೇ ವಾಪಸ್ ಪಡೆದರು. ಸೀಲು ಹಾಕಿದ ಪ್ರತಿಯನ್ನೂ ಹಿಂದಿರುಗಿಸಿದರು.' ಅದರ ಕೆಳಗೆ ಒಂದು ಸಹಿ. ಸಹಿಯ ಮಗ್ಗುಲಲ್ಲಿ ಗಂಟೆ, ನಿಮಿಷ: ೪-೫೦.

ಸಹಿಯ ಪಕ್ಕ ಗಂಟೆ ನಿಮಿಷ ಬರೆಯುವ ಅಮೀನರು ಈ ಊರಲ್ಲಿ ಇಬ್ಬರೇ. ಒಬ್ಬ ತಾನು. ಇನ್ನೊಬ್ಬ ತನ್ನಿಂದ ಕಲಿತವನು.

"ಇದು ಅವನದಲ್ಲ," ಎಂದ ನೋಟಿಸಣ್ಣ.

ಟಪಾಲಮ್ಮ ಹಾಳೆಯನ್ನು ಬೆಳಕಿಗೆ ಇನ್ನಷ್ಟು ಸರಿಸಿದಳು.

"ಯಾರೋ ಅವನ ಸಹಿ ನಕಲು ಮಾಡಿದ್ದಾರೆ."

"ನನ್ನ ಕಣ್ಣೆದುರಿಗೇ ಹಾಕಿದ್ರು ಅಣ್ಣ. ಆದೇಶ ತಗೊಂಡು ನಂಬರ್ ಕೊಟ್ಟೆ, ಪ್ರತಿಗೆ ಸೀಲು ಒತ್ತಿದೆ. ಅಷ್ಟರಲ್ಲಿ ಸಾಹೇಬ್ರು ಒಳಗೆ ಕರೀತಾರೆ ಅಂತ ಜವಾನ ಬಂದ. ನಿಮ್ಮ ಅಳಿಯ ಅರ್ಧ ಗಂಟೆ ಒಳಗಿದ್ರು. ಆಚೆ ಬಂದಾಗ ಮುಖದಲ್ಲಿ ರಕ್ತ ಇರಲಿಲ್ಲ. 'ಇದರಲ್ಲಿ ಏನೋ ತಪ್ಪಾಗಿದೆಯಂತೆ, ವಾಪಸ್ ಒಯ್ತೀನಿ, ನಾಳೆ ತರ್ತೀನಿ' ಅಂದ್ರು. ಸಹಿ ಹಾಕದೆ ಕೊಡಲ್ಲ ಅಂದೆ. ಸ್ವಲ್ಪ ಹೊತ್ತು ನಿಂತು, ಹಾಕಿದ್ರು. ಮಂಗಳವಾರ ಹನ್ನೊಂದು ನಲವತ್ತಕ್ಕೆ ಮತ್ತೆ ತಂದುಕೊಟ್ರು. ಅಷ್ಟು ಹೊತ್ತಿಗೆ ಜೆಸಿಬಿ ವಾಪಸ್ ಬಂದು ಅಂಗಳದಲ್ಲಿ ನಿಂತಿತ್ತು."

ನೋಟಿಸಣ್ಣ ಷರಾವನ್ನು ಮತ್ತೊಮ್ಮೆ ಓದಿದ. ಕಳೆದ ಹತ್ತು ದಿನ ಪ್ರತಿ ಸಂಜೆ ಅಳಿಯ ಎದುರು ಕೂತು, 'ಕೊಟ್ಟಿದ್ದು ನಿಜ ಮಾವ, ನನ್ನನ್ನ ನಂಬಿ' ಎಂದಿದ್ದ. ಕೊಟ್ಟದ್ದು ನಿಜ. ಎಷ್ಟು ಬೇಕೋ ಅಷ್ಟನ್ನೇ ಹೇಳಿದ್ದ. ತಾನೋ, ಮೂವತ್ತೆರಡು ವರ್ಷ ಊರವರ ಸುಳ್ಳುಗಳನ್ನು ಬಾಗಿಲಲ್ಲೇ ಮೂಸಿ ನೋಡಿದವನು, ಮನೆಯೊಳಗಿನದನ್ನು ತಟ್ಟೆಗೆ ಬಡಿಸಿಕೊಂಡು ಉಂಡಿದ್ದ. ಅವನಿಗೆ ಸಿಟ್ಟು ಬರಲಿಲ್ಲ. ನಾಚಿಕೆಯಾಯಿತು.

ಹಾಳೆ ಕೋರ್ಟಿಗೆ ಹೋದರೆ ಮೂವತ್ತೊಂದು ಮನೆ ಮತ್ತೆ ಏಳುತ್ತವೆ. ಎಂಜಿನಿಯರ್ ಜೈಲಿಗೆ ಹೋಗುತ್ತಾನೆ. ಅವನ ಪಕ್ಕದಲ್ಲೇ ಅಳಿಯನೂ ಹೋಗುತ್ತಾನೆ. ಹಾಳೆ ಹೋಗದಿದ್ದರೆ ಅಳಿಯನ ಕೆಲಸವಷ್ಟೇ ಹೋಗುತ್ತದೆ.

"ತಗೊಂಡು ಹೋಗಿ," ಎಂದಳು ಟಪಾಲಮ್ಮ. "ಇನ್ನು ನನ್ನ ಕೈಲಿ ಹೊರೋಕಾಗಲ್ಲ. ನಾಳೆ ಕರೆದ್ರೆ ಬರ್ತೀನಿ, ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಕರೀಲಿಲ್ಲ ಅಂದ್ರೆ..." ಮಾತು ಅಲ್ಲಿಗೇ ಬಿಟ್ಟು, ಒಂದು ಖಾಲಿ ಚೀಟಿಯನ್ನು ಅವನ ಮುಂದೆ ಸರಿಸಿದಳು. "ಹಾಳೆ ಒಯ್ಯೋದಾದ್ರೆ ಇಲ್ಲಿ ಸಹಿ ಹಾಕಿ."

ಪೆನ್ನು ಎತ್ತಿಕೊಳ್ಳುವಷ್ಟರಲ್ಲಿ ಜೇಬಿನಲ್ಲಿ ಫೋನು ಅಲುಗಿತು. ಮಗಳು.

"ಅಪ್ಪ, ಎಲ್ಲಿದ್ದೀರಿ?"

"ಇಲ್ಲೇ, ಪೇಟೆ ಕಡೆ."

"ಏನಾದ್ರೂ ಸಿಕ್ತಾ?"

ನೋಟಿಸಣ್ಣ ಹಾಳೆಯ ಮೇಲಿದ್ದ ಸಹಿಯನ್ನು ನೋಡಿದ. "ಇನ್ನೂ ಹುಡುಕ್ತಾ ಇದ್ದೀನಮ್ಮ."

ಆ ಕಡೆ ಮೊಮ್ಮಗಳು ಎಲ್ಲೋ ಗಟ್ಟಿಯಾಗಿ ಪಾಠ ಓದುತ್ತಿರುವುದು ಕೇಳುತ್ತಿತ್ತು. ಮಗಳು ಬಾಗಿಲು ಎಳೆದುಕೊಂಡಿರಬೇಕು, ಓದು ನಿಂತಿತು.

"ಅಪ್ಪ, ನಿಮಗೆ ಕೈ ಮುಗೀತೀನಿ. ಇನ್ನೆಲ್ಲಿಗೆ ಬೇಕಾದ್ರೂ ಹೋಗಿ, ನಗರಸಭೆ ಟಪಾಲಮ್ಮನ ಹತ್ರ ಮಾತ್ರ ಹೋಗ್ಬೇಡಿ."

ಟಪಾಲಮ್ಮನಿಗೂ ಕೇಳಿಸಿತು. ಆಕೆ ಮುಖ ತಿರುಗಿಸಿಕೊಂಡಳು.

"ಯಾಕಮ್ಮ?" ಎಂದ ನೋಟಿಸಣ್ಣ. ದನಿ ತನ್ನದೇ ಎಂದು ಅವನಿಗೆ ಅನಿಸಲಿಲ್ಲ. "ನಿನ್ನ ಗಂಡ ಏನಾದ್ರೂ ಹೇಳಿದ್ನಾ?"

"ಅವರದು ತಪ್ಪಿಲ್ಲ ಅಪ್ಪ," ಎಂದಳು ಮಗಳು. ಅಳುತ್ತಿದ್ದಳು. "ಅವತ್ತು ಎಂಜಿನಿಯರ್ ರೂಮಿಗೆ ಅವರನ್ನ ಕರೆಸಿದ್ದು ನಾನು. ನಾನೂ ಒಳಗೇ ಇದ್ದೆ."